ಓದಿ ಹೇಳುವವರು

ವಿಚಾರ ಸಂಕಿರಣ ಎಂದ ಕೂಡಲೇ ನಮ್ಮಲ್ಲಿ ಹಲವರಿಗೆ ಆಕಳಿಕೆ ಬರುತ್ತದೆ. ಅದಕ್ಕೆ ಕಾರಣವೂ ಇದೆ. ಹತ್ತು ಗಂಟೆಗೆ ಶುರುವಾಗಬೇಕಾದದ್ದು ಹನ್ನೊಂದೂವರೆಗೆ ಶುರುವಾಗುತ್ತದೆ. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿಯುವಾಗ ಊಟದ ಹೊತ್ತು. ಸಂಶೋಧನಾ ವಿದ್ಯಾರ್ಥಿಗಳ ಸರದಿ ಬರುವುದು ಸಂಜೆ ನಾಲ್ಕಕ್ಕೆ. ‘ಸಮಯದ ಅಭಾವದಿಂದ ಐದೇ ನಿಮಿಷದಲ್ಲಿ ಸಾರಾಂಶ ಹೇಳಬೇಕು’ ಎಂದು ಗೋಷ್ಠಿಯ ಅಧ್ಯಕ್ಷರು ಮೊದಲೇ ಎಚ್ಚರಿಸಿರುತ್ತಾರೆ. ಕೇಳುವವರಲ್ಲಿ ಅರ್ಧದಷ್ಟು ಜನ ಪ್ರಮಾಣಪತ್ರ ಪಡೆದು ಬಸ್ ಹಿಡಿದಾಗಿರುತ್ತದೆ. ತಿಂಗಳುಗಟ್ಟಲೆ ಕೂತು ಬರೆದ ಪ್ರಬಂಧವನ್ನು ಖಾಲಿ ಕುರ್ಚಿಗಳಿಗೆ ಓದಿ ಬಂದ ಅನುಭವ ನನ್ನಂತೆ ಎಷ್ಟೋ ಜನರಿಗೆ ಇದ್ದೀತು.

ಹೀಗಾಗಿ 2010ರ ಏಪ್ರಿಲ್‌ನಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ಗೆಳತಿ ‘ಶುಕ್ರವಾರ, ಶನಿವಾರ ನಮ್ಮ ಸಮ್ಮೇಳನ ಇದೆ, ನೋಂದಣಿಯ ಮೇಜಿಗೆ ಜನ ಸಾಲದು, ಬರುತ್ತೀಯಾ?’ ಎಂದು ಕೇಳಿದಾಗ ನನಗೆ ಉತ್ಸಾಹವೇನೂ ಬರಲಿಲ್ಲ. ನಾನಾಗ ಅಮೆರಿಕದ ಮಧ್ಯಭಾಗದ ಒಂದು ಸರಕಾರಿ ವಿಶ್ವವಿದ್ಯಾಲಯದಲ್ಲಿ ತೌಲನಿಕ ಸಾಹಿತ್ಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಅವಳು ಚರಿತ್ರೆ ವಿಭಾಗದವಳು. ಚಿಕಾಗೊದಲ್ಲಿ ಹುಟ್ಟಿ ಬೆಳೆದವಳಾದರೂ ಅವಳ ತಂದೆತಾಯಿ ಪೋರ್ಟೊ ರಿಕೊ ದ್ವೀಪದವರು. ಲ್ಯಾಟಿನಾ ಮತ್ತು ಲ್ಯಾಟಿನೊ ಅಧ್ಯಯನದ ಸಂಶೋಧನಾ ವಿದ್ಯಾರ್ಥಿಗಳು ತಾವೇ ಸೇರಿ ನಡೆಸುವ ಸಮ್ಮೇಳನ ಅದು. ಎರಡು ದಿನವೂ ಊಟ ಅಲ್ಲೇ ಎಂದಳು. ಹೋದೆ.

ಲ್ಯಾಟಿನೊ ಎಂದರೆ ಲ್ಯಾಟಿನ್ ಅಮೆರಿಕದ ಮೂಲದವರಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಾಳುವ ಜನ. ಮೆಕ್ಸಿಕೊ, ಪೋರ್ಟೊ ರಿಕೊ, ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ಎಲ್ ಸಾಲ್ವಡೋರ್ ಹೀಗೆ ಹಲವು ನೆಲಗಳಿಂದ ಬಂದವರು. ಲ್ಯಾಟಿನಾ ಎಂಬುದು ಅದರ ಸ್ತ್ರೀಲಿಂಗ. ಸಮುದಾಯದ ಹೆಸರಿನಲ್ಲಿ ಗಂಡಸರೇ ಮಾತಾಡುತ್ತಿದ್ದಾರೆ ಎಂದು ಹೆಂಗಸರು ತಕರಾರು ತೆಗೆದ ಮೇಲೆ ಎರಡೂ ಪದಗಳನ್ನು ಜೊತೆಗೆ ಬರೆಯುವ ರೂಢಿ ಬಂತು. 2010ರ ಜನಗಣತಿಯಲ್ಲಿ ಇವರ ಸಂಖ್ಯೆ ಐದು ಕೋಟಿ ದಾಟಿತ್ತು. 2020ರಲ್ಲಿ ಅದು ಆರು ಕೋಟಿ ಇಪ್ಪತ್ತೊಂದು ಲಕ್ಷ, ಅಂದರೆ ದೇಶದ ಜನಸಂಖ್ಯೆಯ ಸುಮಾರು 19 ಶೇಕಡ. ಇವರೆಲ್ಲರೂ ವಲಸೆ ಬಂದವರೆಂದು ತಿಳಿಯುವುದು ತಪ್ಪು. 1848ರಲ್ಲಿ ಯುದ್ಧದಲ್ಲಿ ಸೋತ ಮೆಕ್ಸಿಕೊ ತನ್ನ ಉತ್ತರದ ವಿಶಾಲ ಸೀಮೆಯನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಾಗ ಅಲ್ಲಿದ್ದವರು ಕೂತ ಜಾಗದಲ್ಲೇ ಬೇರೆ ದೇಶದವರಾದರು. ಪೋರ್ಟೊ ರಿಕೊ 1898ರಲ್ಲಿ ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಹೋಯಿತು. ಗಡಿಯನ್ನು ಇವರು ದಾಟಿದ್ದಕ್ಕಿಂತ ಮೊದಲು ಗಡಿಯೇ ಇವರನ್ನು ದಾಟಿತ್ತು. ‘ನೀವು ಎಲ್ಲಿಂದ ಬಂದಿರಿ?’ ಎಂದು ತಲೆಮಾರುಗಳಿಂದ ಅಲ್ಲೇ ಇರುವವರನ್ನೂ ಕೇಳುವ ಪ್ರಶ್ನೆ ಎಷ್ಟು ಚುಚ್ಚುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಅಧ್ಯಯನ ವಿಭಾಗಗಳು ಹುಟ್ಟಿದ್ದು ಪ್ರಾಧ್ಯಾಪಕರ ಕೃಪೆಯಿಂದಲ್ಲ, ವಿದ್ಯಾರ್ಥಿಗಳ ಜಗಳದಿಂದ. 1968ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನ ಪೂರ್ವಭಾಗದ ಹೈಸ್ಕೂಲುಗಳಿಂದ ಮೆಕ್ಸಿಕನ್ ಮೂಲದ ಸಾವಿರಾರು ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ತಮ್ಮ ಚರಿತ್ರೆ ಪಠ್ಯದಲ್ಲಿ ಬೇಕು, ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಶಿಕ್ಷೆ ಕೊಡಬಾರದು ಎಂಬುದು ಅವರ ಬೇಡಿಕೆಗಳಲ್ಲಿ ಸೇರಿತ್ತು. 1969ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು, ಚಳುವಳಿಗಾರರು ಸೇರಿ ವಿಶ್ವವಿದ್ಯಾಲಯಗಳಲ್ಲಿ ತಮ್ಮ ಅಧ್ಯಯನ ಹೇಗಿರಬೇಕು ಎಂಬ ಯೋಜನೆಯೊಂದನ್ನು ಬರೆದರು. ಅದೇ ತಿಂಗಳು ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಕಪ್ಪು ಮತ್ತು ಪೋರ್ಟೊ ರಿಕನ್ ವಿದ್ಯಾರ್ಥಿಗಳು ಆವರಣದ ಬಾಗಿಲು ಹಾಕಿ ಕೂತರು. 1973ರಲ್ಲಿ ಆ ನಗರದಲ್ಲಿ ಪೋರ್ಟೊ ರಿಕನ್ ಅಧ್ಯಯನ ಕೇಂದ್ರ ಹುಟ್ಟಿತು. ನಮ್ಮಲ್ಲಿ ದಲಿತ, ಬಂಡಾಯ ಚಳುವಳಿಗಳು ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳ ಒಳಗೆ ಬರಲು ಎಷ್ಟು ಬಾಗಿಲು ತಟ್ಟಬೇಕಾಯಿತು ಎಂಬುದನ್ನು ನೋಡಿದವರಿಗೆ ಇದು ಅಪರಿಚಿತ ಕತೆಯಲ್ಲ.

ಸಂಶೋಧನಾ ವಿದ್ಯಾರ್ಥಿಗಳ ಸಮ್ಮೇಳನ ಈ ಪರಂಪರೆಯದೇ ಒಂದು ಸಣ್ಣ ಕವಲು. ಇದರಲ್ಲಿ ಆಡಂಬರ ಇಲ್ಲ. ವಿದ್ಯಾರ್ಥಿಗಳೇ ಸಮಿತಿ ಮಾಡಿಕೊಳ್ಳುತ್ತಾರೆ. ಮಳೆಗಾಲ ಕಳೆದು ಇಲ್ಲಿ ದಸರಾ ರಜೆ ಬರುವ ಹೊತ್ತಿಗೆ ಅಲ್ಲಿ ಕರೆ ಹೊರಡುತ್ತದೆ. ಇನ್ನೂರೈವತ್ತು ಮುನ್ನೂರು ಪದಗಳಲ್ಲಿ ಪ್ರಬಂಧದ ಸಾರಾಂಶ ಕಳಿಸಬೇಕು. ಒಂದು ಗೋಷ್ಠಿಗೆ ಮೂವರೋ ನಾಲ್ವರೋ, ತಲಾ ಹದಿನೈದು ಇಪ್ಪತ್ತು ನಿಮಿಷ. ಅಧ್ಯಕ್ಷತೆ ವಹಿಸಿದವರು ಐದು ನಿಮಿಷ, ಒಂದು ನಿಮಿಷ ಎಂದು ಬರೆದ ಕಾಗದ ತೋರಿಸುತ್ತಾರೆ. ಆ ಮೇಲೆ ಪ್ರಶ್ನೆಗಳು. ದೂರದಿಂದ ಬಂದವರು ಹೋಟೆಲಿಗೆ ಹೋಗುವುದಿಲ್ಲ, ಇಲ್ಲಿನ ವಿದ್ಯಾರ್ಥಿಗಳ ರೂಮುಗಳಲ್ಲಿ ನೆಲದ ಮೇಲೆ ಮಲಗುತ್ತಾರೆ. ಆ ಎರಡು ರಾತ್ರಿ ನಮ್ಮ ಎರಡು ಕೋಣೆಯ ಮನೆಯಲ್ಲಿ ಒಂಬತ್ತು ಜನ ಇದ್ದೆವು.

ನನಗೆ ಹೊಸದಾಗಿ ಕಂಡದ್ದು ಇನ್ನೊಂದು. ಬಂದವರಲ್ಲಿ ಬಹಳಷ್ಟು ಮಂದಿ ತಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ದ್ರಾಕ್ಷಿ ಕೊಯ್ಯುವವರ, ಹೋಟೆಲಿನ ಕೋಣೆ ಗುಡಿಸುವವರ, ಕಸಾಯಿಖಾನೆಯಲ್ಲಿ ಮಾಂಸ ಕತ್ತರಿಸುವವರ ಮಕ್ಕಳು. ತಮ್ಮ ತಮ್ಮ ವಿಭಾಗಗಳಲ್ಲಿ ಅಂಥವರು ಒಬ್ಬರೋ ಇಬ್ಬರೋ. ಅಲ್ಲಿ ಬಾಯಿ ಬಿಡುವ ಮೊದಲು ಉಚ್ಚಾರಣೆ ಸರಿಮಾಡಿಕೊಳ್ಳುತ್ತಿದ್ದವರು ಇಲ್ಲಿ ಸ್ಪ್ಯಾನಿಷಿನಲ್ಲಿ ಶುರುಮಾಡಿ ಇಂಗ್ಲಿಷಿನಲ್ಲಿ ಮುಗಿಸುತ್ತಿದ್ದರು. ಈ ಬೆರಕೆ ಮಾತಿಗೆ ಸಾಹಿತ್ಯದಲ್ಲಿ ಸ್ಥಾನ ತಂದುಕೊಟ್ಟವರಲ್ಲಿ ಗ್ಲೋರಿಯಾ ಅನ್ಸಾಲ್ದುವಾ ಮುಖ್ಯರು. ಟೆಕ್ಸಾಸ್‌ನ ಗಡಿನಾಡಿನ ಹೊಲಗೆಲಸದ ಮನೆಯವರು. ಶಾಲೆಯ ಆಟದ ಹೊತ್ತಿನಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಬೆರಳ ಗೆಣ್ಣಿಗೆ ರೂಲರಿನ ಏಟು ತಿಂದದ್ದನ್ನು ಅವರು 1987ರ ತಮ್ಮ ಪುಸ್ತಕದಲ್ಲಿ ನೆನೆದಿದ್ದಾರೆ. ನಮ್ಮ ಶಾಲೆಯಲ್ಲಿ ಏಟು ಇರಲಿಲ್ಲ. ‘ಬ್ಯಾರಿ ಹುಡುಗಿಯಾದರೂ ಕನ್ನಡ ಎಷ್ಟು ಚಂದ ಮಾತಾಡುತ್ತಾಳೆ’ ಎಂಬ ಮೆಚ್ಚುಗೆ ಇತ್ತು. ಆ ಮೆಚ್ಚುಗೆಯಿಂದ ನಾನು ಎಷ್ಟು ಉಬ್ಬಿದ್ದೆನೆಂದರೆ, ಬಸ್ಸಿನಲ್ಲಿ ಉಮ್ಮ ಬ್ಯಾರಿಯಲ್ಲಿ ಕೇಳಿದ್ದಕ್ಕೆ ನಾನು ಕನ್ನಡದಲ್ಲಿ ಉತ್ತರಿಸುತ್ತಿದ್ದೆ.

ಮೊದಲ ದಿನದ ಒಂದು ಪ್ರಬಂಧ ಮರೆಯುವಂತಿಲ್ಲ. ತಂದೆತಾಯಿಯರಿಗೆ ಇಂಗ್ಲಿಷ್ ಬಾರದ ಮನೆಗಳಲ್ಲಿ ಮಕ್ಕಳೇ ದುಭಾಷಿಗಳಾಗುವುದರ ಬಗ್ಗೆ ಒಬ್ಬಳು ಓದಿದಳು. ಬ್ಯಾಂಕಿನಲ್ಲಿ, ಪೊಲೀಸರ ಮುಂದೆ, ಶಾಲೆಯಲ್ಲಿ ತನ್ನ ಮೇಲೇ ಬಂದ ದೂರನ್ನು ಕೂಡ ಮಗುವೇ ಅಮ್ಮನಿಗೆ ಅನುವಾದಿಸಬೇಕು. ಓದಿ ಮುಗಿದ ಮೇಲೆ ಹಿರಿಯ ಪ್ರಾಧ್ಯಾಪಕರೊಬ್ಬರು, ‘ಇದು ನಿಮ್ಮ ಅನುಭವವಾಯಿತು, ಸಂಶೋಧನೆ ಎಲ್ಲಿದೆ?’ ಎಂದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಡಾಕ್ಟರು ಹೇಳಿದ್ದನ್ನು ಅಮ್ಮನಿಗೆ ಹೇಳಿದವಳು ಹತ್ತು ವರ್ಷದ ನಾನು. ಆಗ ನಾನು ಯಾವ ಶಬ್ದವನ್ನು ಬಿಟ್ಟೆ, ಯಾಕೆ ಬಿಟ್ಟೆ ಎಂಬುದೇ ನನ್ನ ಸಂಶೋಧನೆ.’ ಪ್ರಾಧ್ಯಾಪಕರು ಏನನ್ನೋ ಬರೆದುಕೊಂಡರು. ಮತ್ತೆ ಕೇಳಲಿಲ್ಲ.

ಅದೇ ದಿನ, 2010ರ ಏಪ್ರಿಲ್ 23ರ ಮಧ್ಯಾಹ್ನ, ಅರಿಜೋನಾ ರಾಜ್ಯದ ಗವರ್ನರ್ ಹೊಸ ಕಾನೂನಿಗೆ ಸಹಿ ಹಾಕಿದ ಸುದ್ದಿ ಬಂತು. ಬೇರೆ ಕಾರಣಕ್ಕೆ ತಡೆದು ನಿಲ್ಲಿಸಿದ ವ್ಯಕ್ತಿ ದೇಶದಲ್ಲಿ ಅಕ್ರಮವಾಗಿ ಇದ್ದಾನೆಂಬ ಅನುಮಾನ ಬಂದರೆ ಪೊಲೀಸರು ಅವನ ಕಾಗದಪತ್ರ ಪರಿಶೀಲಿಸಬೇಕು ಎನ್ನುವ ಕಾನೂನು. ಮುಖ ನೋಡಿ ಅನುಮಾನಪಡಲು ಇದು ಪರವಾನಗಿ ಎಂದು ಎಲ್ಲರಿಗೂ ಗೊತ್ತಿತ್ತು. ಗೋಷ್ಠಿ ಅರ್ಧಕ್ಕೆ ನಿಂತಿತು. ಒಬ್ಬ ಹುಡುಗ ಎದ್ದು, ತನ್ನ ಪ್ರಬಂಧದ ಫೋಟೊ ತೆಗೆದವರು ದಯವಿಟ್ಟು ಅಳಿಸಬೇಕು ಎಂದು ವಿನಂತಿಸಿದ. ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಫೋನು ತೆಗೆದು ಅಳಿಸಿದರು. 2001ರ ಸೆಪ್ಟೆಂಬರ್ ನಂತರ ವಿಮಾನ ನಿಲ್ದಾಣಗಳಲ್ಲಿ ನನ್ನ ಹೆಸರು ಓದುವಾಗ ಅಧಿಕಾರಿಗಳ ಮುಖ ಬದಲಾಗುವುದನ್ನು ಕಂಡಿದ್ದ ನಾನು, ಆ ಕೋಣೆಯಲ್ಲಿ ಮೊದಲ ಬಾರಿಗೆ ಅತಿಥಿ ಅನಿಸಲಿಲ್ಲ.

ಮೂರು ವಾರ ಕಳೆಯುವುದರೊಳಗೆ ಅದೇ ರಾಜ್ಯ ಇನ್ನೊಂದು ಕಾನೂನು ಮಾಡಿತು. ಅದನ್ನು ಹಿಡಿದು ಟೂಸಾನ್ ನಗರದ ಶಾಲೆಗಳಲ್ಲಿದ್ದ ಮೆಕ್ಸಿಕನ್ ಅಮೆರಿಕನ್ ಅಧ್ಯಯನವನ್ನು 2012ರಲ್ಲಿ ನಿಲ್ಲಿಸಿದರು. ತರಗತಿಗಳಿಂದ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ ಒಯ್ದರು. 2017ರಲ್ಲಿ ನ್ಯಾಯಾಲಯ ಈ ಕ್ರಮದ ಹಿಂದೆ ಜನಾಂಗದ್ವೇಷ ಇತ್ತು ಎಂದು ಹೇಳಿತು. ನಡುವೆ ಐದು ವರ್ಷಗಳ ಮಕ್ಕಳು ಶಾಲೆ ಮುಗಿಸಿ ಹೋಗಿದ್ದರು.

ಶನಿವಾರದ ಊಟಕ್ಕೆ ಊರಿನ ಪೋರ್ಟೊ ರಿಕನ್ ಹೆಂಗಸರು ಅಡುಗೆ ಮಾಡಿ ತಂದಿದ್ದರು. ದೊಡ್ಡ ಪಾತ್ರೆಯಲ್ಲಿ ಹಳದಿ ಬಣ್ಣದ ಅನ್ನ, ಅದರಲ್ಲಿ ಕಾಳು. ಬಾಯಿಗಿಟ್ಟರೆ ನಮ್ಮ ತೊಗರಿ! ತೊಗರಿಯ ತವರು ನಮ್ಮ ನೆಲ. ಅದು ಆಫ್ರಿಕಾಕ್ಕೆ ಹೋಗಿ, ಗುಲಾಮರ ಹಡಗುಗಳ ಕಾಲದಲ್ಲಿ ಕೆರಿಬಿಯನ್ ದ್ವೀಪಗಳನ್ನು ಸೇರಿತು. ನಾನು ಬಡಿಸಿಕೊಳ್ಳುವ ಮೊದಲೇ ಒಬ್ಬ ಹೆಂಗಸು ನನ್ನ ತಲೆವಸ್ತ್ರ ನೋಡಿ, ‘ಅದರಲ್ಲಿ ಹಂದಿ ಇದೆ, ನಿನಗೆ ಇದು’ ಎಂದು ಬೇರೆ ಡಬ್ಬಿ ಮುಂದಿಟ್ಟಿದ್ದಳು. ಅನ್ನಕ್ಕೆ ಅವರು ‘ಅರ್ರೋಸ್’ ಅನ್ನುತ್ತಾರೆ. ಸಕ್ಕರೆಗೆ ‘ಅಸೂಕರ್’. ಎರಡೂ ಅರಬ್ಬಿಯಿಂದ ಸ್ಪ್ಯಾನಿಷಿಗೆ ಹೋದ ಪದಗಳು, ಸುಮಾರು ಎಂಟು ಶತಮಾನ ಮುಸ್ಲಿಮರು ಸ್ಪೇನಿನಲ್ಲಿ ಬಾಳಿದ್ದರ ಗುರುತು. ಅರಬ್ಬಿಯ ‘ಸುಕ್ಕರ್’ ಪರ್ಷಿಯಾದ ದಾರಿಯಲ್ಲಿ ನಮ್ಮ ಕಡೆಯಿಂದಲೇ ಹೋದದ್ದು. ದೇವರು ಬಯಸಿದರೆ ಎಂಬರ್ಥದಲ್ಲಿ ಅವರು ಮಾತುಮಾತಿಗೆ ಹೇಳುವ ‘ಓಹಲಾ’ದಲ್ಲಿ ಅಲ್ಲಾಹನ ಹೆಸರು ಅಡಗಿದೆ ಎಂದು ಅಲ್ಲೇ ಇದ್ದ ಭಾಷಾಶಾಸ್ತ್ರದ ವಿದ್ಯಾರ್ಥಿ ಹೇಳಿದ.

ಊಟದ ನಂತರದ ಗೋಷ್ಠಿಯಲ್ಲಿ ಕ್ಯಾಲಿಫೋರ್ನಿಯಾದ ಪಂಜಾಬಿ ಮೆಕ್ಸಿಕನ್ ಕುಟುಂಬಗಳ ವಿಷಯ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಹೊಲಗಳಿಗೆ ದುಡಿಯಲು ಹೋದ ಪಂಜಾಬಿಗಳಿಗೆ ಊರಿನಿಂದ ಹೆಂಡತಿಯರನ್ನು ಕರೆತರಲು ಸಾಧ್ಯವಿರಲಿಲ್ಲ. ಎಷ್ಟೋ ಮಂದಿ ಮೆಕ್ಸಿಕನ್ ಹೆಣ್ಣುಗಳನ್ನು ಮದುವೆಯಾದರು. ಅವರಲ್ಲಿ ಸಿಖ್ಖರೇ ಹೆಚ್ಚು, ಮುಸ್ಲಿಮರೂ ಇದ್ದರು. ಊರವರು ಮಾತ್ರ ಎಲ್ಲರನ್ನೂ ‘ಹಿಂದೂ’ಗಳೆಂದೇ ಕರೆದರು. ಗಡಿಗಳನ್ನು ನಾವು ಕಾಗದದ ಮೇಲೆ ಎಷ್ಟು ಗಟ್ಟಿಯಾಗಿ ಎಳೆದರೂ ಹೊಟ್ಟೆಪಾಡು ಅವುಗಳನ್ನು ಅಳಿಸುತ್ತಾ ಹೋಗುತ್ತದೆ.

ಆ ಮಧ್ಯಾಹ್ನವೇ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ ಪ್ರಬಂಧವನ್ನೂ ಕೇಳಿದೆ. ಅದು ಸಿಗಾರ್ ಸುತ್ತುವವರ ಬಗ್ಗೆ. 1865ರಲ್ಲಿ ಹವಾನಾದ ಸಿಗಾರ್ ಕಾರ್ಖಾನೆಗಳಲ್ಲಿ ಒಂದು ಪದ್ಧತಿ ಶುರುವಾಯಿತು. ಸಾಲಾಗಿ ಕೂತು ಹೊಗೆಸೊಪ್ಪು ಸುತ್ತುವ ನೂರಾರು ಕೆಲಸಗಾರರ ನಡುವೆ ಎತ್ತರದ ಪೀಠದಲ್ಲಿ ಒಬ್ಬರು ಕೂತು ಗಟ್ಟಿಯಾಗಿ ಓದುತ್ತಿದ್ದರು. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ. ಓದುವವರ ಸಂಬಳವನ್ನು ಮಾಲಕರು ಕೊಡುತ್ತಿರಲಿಲ್ಲ, ಕೆಲಸಗಾರರು ತಮ್ಮ ವಾರದ ಕೂಲಿಯಿಂದ ತೆಗೆದುಕೊಡುತ್ತಿದ್ದರು. ಯಾವ ಪುಸ್ತಕ ಎಂಬುದನ್ನೂ ಅವರೇ ಮತ ಹಾಕಿ ತೀರ್ಮಾನಿಸುತ್ತಿದ್ದರು. ಈ ಪದ್ಧತಿ ಫ್ಲೋರಿಡಾದ ಟ್ಯಾಂಪಾಕ್ಕೂ, ಪೋರ್ಟೊ ರಿಕೊಗೂ ಹರಡಿತು. ಪೋರ್ಟೊ ರಿಕೊದ ಕಾರ್ಮಿಕ ನಾಯಕಿ ಲೂಯಿಸಾ ಕಾಪೆತಿಯೊ ಹೀಗೆ ಓದುವ ಕೆಲಸ ಮಾಡಿದ ಹೆಂಗಸು. ಅಕ್ಷರ ಬಾರದವರೂ ಹೀಗೆ ಸರ್ವಾಂತೆಸ್, ಹ್ಯೂಗೊ ಅವರ ಕೃತಿಗಳನ್ನು ಕಿವಿಯಿಂದ ಓದಿದರು. ಕೂಲಿ, ಹಕ್ಕು, ಸಂಘ ಎಂಬ ಮಾತುಗಳೂ ಅದೇ ದಾರಿಯಲ್ಲಿ ಬಂದವು. 1931ರಲ್ಲಿ ಟ್ಯಾಂಪಾದ ಮಾಲಕರು ಓದುವವರನ್ನು ಕಾರ್ಖಾನೆಗಳಿಂದ ಹೊರಹಾಕಿದರು.

ನಾನು ತಲೆ ತಗ್ಗಿಸಿ ಕೂತಿದ್ದೆ. ನನ್ನ ಉಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದವರು. ಆವರೆಗೆ ಅಲ್ಲಿ ಯಾರಿಗೂ ನಾನು ಅದನ್ನು ಹೇಳಿರಲಿಲ್ಲ. ಮನೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿದವರಿಗೆ, ‘ತಾಯಿ ಗೃಹಿಣಿ’ ಎಂದಿದ್ದೆ.

ಕೊನೆಯ ಗೋಷ್ಠಿಯಲ್ಲಿ ನನ್ನ ಗೆಳತಿಯ ಪ್ರಬಂಧ. ಚಿಕಾಗೊದ ಮಿಠಾಯಿ ಕಾರ್ಖಾನೆಯೊಂದರಲ್ಲಿ 1970ರ ದಶಕದಲ್ಲಿ ದುಡಿದ ಪೋರ್ಟೊ ರಿಕನ್ ಹೆಂಗಸರ ಬಗ್ಗೆ. ಅವಳ ತಾಯಿ ಅಲ್ಲೇ ಕೆಲಸ ಮಾಡಿದವರು. ಮಗಳು ಮಾತಾಡುವುದನ್ನು ಕೇಳಬೇಕೆಂದು ಮೂರು ಗಂಟೆ ಬಸ್ಸಿನಲ್ಲಿ ಬಂದು ನನ್ನ ಪಕ್ಕದಲ್ಲಿ ಕೂತಿದ್ದರು. ಕೈಚೀಲವನ್ನು ಮಡಿಲಿನಿಂದ ಇಳಿಸಿರಲಿಲ್ಲ. ಗೆಳತಿ ಚೆನ್ನಾಗಿ ಓದಿದಳು. ಮೇಲ್ವಿಚಾರಕರ ವರದಿಗಳಲ್ಲಿ ಈ ಹೆಂಗಸರು ಕೆಲಸದ ಹೊತ್ತಿನಲ್ಲಿ ಬಾಯಿ ಬಿಡದವರೆಂದು ಮತ್ತೆ ಮತ್ತೆ ದಾಖಲಾಗಿದೆ, ಈ ಮೌನವನ್ನು ನಾವು ಪ್ರತಿರೋಧದ ಒಂದು ರೂಪವಾಗಿ ಓದಬೇಕು ಎಂಬುದು ಅವಳ ವಾದ. ದೊಡ್ಡ ಹೆಸರುಗಳನ್ನು ಉಲ್ಲೇಖಿಸಿದಳು. ಜನ ಚಪ್ಪಾಳೆ ತಟ್ಟಿದರು. ತಾಯಿಯೂ ತಟ್ಟಿದರು. ಆ ಮೇಲೆ ನನ್ನ ಕಡೆ ಬಾಗಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು: ‘ನಮ್ಮ ಬಗ್ಗೆ ಒಳ್ಳೆಯದನ್ನೇ ಹೇಳಿದಳಾ?’

ರಾತ್ರಿ ಅಡುಗೆಮನೆಯ ಮೇಜಿನಲ್ಲಿ ಈ ಮಾತನ್ನು ಗೆಳತಿಗೆ ಹೇಳಿದೆ. ಅವಳ ಮುಖ ಸಣ್ಣದಾಯಿತು. ಪ್ರಬಂಧವನ್ನು ತೆಗೆದು ತಾಯಿಯ ಮುಂದೆ ಕೂತು, ಒಂದೊಂದೇ ಪುಟವನ್ನು ಸ್ಪ್ಯಾನಿಷಿನಲ್ಲಿ ಹೇಳತೊಡಗಿದಳು. ಕೆಲವು ಪದಗಳಿಗೆ ಅವಳಲ್ಲಿ ಸ್ಪ್ಯಾನಿಷೇ ಇರಲಿಲ್ಲ. ಮೌನದ ಭಾಗ ಬಂದಾಗ ತಾಯಿ ತಡೆದರು. ಅವರು ಹೇಳಿದ್ದನ್ನು ಗೆಳತಿ ನನಗೆ ಇಂಗ್ಲಿಷಿನಲ್ಲಿ ಹೇಳಿದಳು: ‘ಮೌನವಾ? ಯಂತ್ರದ ಸದ್ದಿನಲ್ಲಿ ಕೂಗಿದರೂ ಕೇಳುತ್ತಿರಲಿಲ್ಲ, ಅದಕ್ಕೆ ತುಟಿಯಲ್ಲಿ, ಕೈಯಲ್ಲಿ ಮಾತಾಡುತ್ತಿದ್ದೆವು. ಇಡೀ ದಿನ ಮಾತಾಡುತ್ತಿದ್ದೆವು. ಆ ಮೇಲ್ವಿಚಾರಕನಿಗೆ ತಿಳಿಯುತ್ತಿರಲಿಲ್ಲ, ಅಷ್ಟೆ. ನನ್ನನ್ನು ಯಾಕೆ ಕೇಳಲಿಲ್ಲ ನೀನು?’

ಗೆಳತಿ ಆ ಅಧ್ಯಾಯವನ್ನು ಮತ್ತೆ ಬರೆದಳು. ಮುಂದಿನ ವರ್ಷದ ಸಮ್ಮೇಳನದಲ್ಲಿ ಅವಳ ಹಟದಿಂದ ಒಂದು ಹೊಸ ಏರ್ಪಾಡು ಬಂತು. ಕೊನೆಯ ಒಂದು ಗಂಟೆ ಮನೆಯವರಿಗೆ. ಓದಿದವರು ತಮ್ಮ ಪ್ರಬಂಧವನ್ನು ಐದು ನಿಮಿಷದಲ್ಲಿ, ಸ್ಪ್ಯಾನಿಷಿನಲ್ಲಿ, ಕಾಗದ ನೋಡದೆ ಹೇಳಬೇಕು. ಪ್ರಾಧ್ಯಾಪಕರ ಪ್ರಶ್ನೆಗಳಿಗೆ ತಡವರಿಸದವರು ಆ ಗಂಟೆಯಲ್ಲಿ ಬೆವರಿದ್ದನ್ನು ನಾನು ನೋಡಿದ್ದೇನೆ.

ಇಷ್ಟೆಲ್ಲ ಕಣ್ಣಾರೆ ಕಂಡ ನಾನು ಮಾಡಿದ್ದೇನು? ಅದೇ 2011ರ ಸಮ್ಮೇಳನಕ್ಕೆ ನಾನೂ ಒಂದು ಪ್ರಬಂಧ ಕಳಿಸಿದೆ. ಸಿಗಾರ್ ಕಾರ್ಖಾನೆಯ ಓದು ಮತ್ತು ಕರಾವಳಿ ಕರ್ನಾಟಕದ ಬೀಡಿ ಕೆಲಸಗಾರರು ಎಂಬ ವಿಷಯ. ಲ್ಯಾಟಿನೊ ಅಧ್ಯಯನದಲ್ಲಿ ಬೀಡಿಗೆ ಏನು ಕೆಲಸ ಎಂದು ಸಮಿತಿಯಲ್ಲಿ ಒಬ್ಬಿಬ್ಬರು ಕೇಳಿದರಂತೆ. ನಮ್ಮ ದೇಶ 1966ರಲ್ಲಿ ಮಾಡಿದ ಕಾರ್ಮಿಕ ಕಾನೂನೊಂದರ ಹೆಸರಿನಲ್ಲೇ ಬೀಡಿಯೂ ಸಿಗಾರೂ ಜೊತೆಗಿದ್ದವು ಎಂದು ತೋರಿಸಿದ ಮೇಲೆ ಒಪ್ಪಿದರು. ನನ್ನ ವಾದ ಹೀಗಿತ್ತು: ಸಿಗಾರಿನವರು ಒಂದೇ ಸೂರಿನಡಿ ಕೂತಿದ್ದರಿಂದ ಅವರಿಗೆ ಓದುವವರು ಸಿಕ್ಕಿದರು, ಸಂಘ ಸಿಕ್ಕಿತು. ನಮ್ಮಲ್ಲಿ ಬೀಡಿ ಕೆಲಸ ಮನೆಮನೆಗೆ ಚದುರಿಹೋಯಿತು. ಎಲೆ, ಹುಡಿ, ನೂಲು ತಂದು ಒಬ್ಬೊಬ್ಬರೇ ಕೂತು ಸುತ್ತುವ ಹೆಂಗಸರ ನಡುವೆ ಓದು ಇಲ್ಲ, ಮಾತಿಲ್ಲ. ಅದು ಒಂಟಿತನದ ಕಸುಬು. ಪುಸ್ತಕಗಳಿಂದ ಆಧಾರ ಕೊಟ್ಟೆ. ಉಮ್ಮನ ಕಸುಬನ್ನು ಮೊದಲ ಬಾರಿಗೆ ಎಲ್ಲರೆದುರು ಹೇಳಿದೆ. ಚಪ್ಪಾಳೆ ಬಿತ್ತು. ನನ್ನ ಬಯೋಡೇಟಾದಲ್ಲಿ ಒಂದು ಸಾಲು ಹೆಚ್ಚಾಯಿತು. ಕೊನೆಯ ಗಂಟೆಯಲ್ಲಿ ಮಾತ್ರ ನಾನು ಏಳಲಿಲ್ಲ. ಸ್ಪ್ಯಾನಿಷ್ ಬರುವುದಿಲ್ಲ ಎಂಬ ನೆಪ ಇತ್ತು. ಬ್ಯಾರಿಯಲ್ಲಿ ಹೇಳು, ನಾವು ಸುಮ್ಮನೆ ಕೇಳುತ್ತೇವೆ ಎಂದಳು ಗೆಳತಿ. ಬ್ಯಾರಿಯಲ್ಲಿ ಅದನ್ನು ಹೇಳಲು ನನಗೆ ಬರಲಿಲ್ಲ. ಹಸಿವು, ಜ್ವರ, ಮದುವೆ, ಜಗಳ ಎಲ್ಲವನ್ನೂ ನಾನು ಆ ಭಾಷೆಯಲ್ಲಿ ಹೇಳಬಲ್ಲೆ. ಒಂದು ವಾದವನ್ನು ಅದರಲ್ಲಿ ಕಟ್ಟಿ ನಿಲ್ಲಿಸಿ ಗೊತ್ತಿರಲಿಲ್ಲ.

2012ರ ರಜೆಯಲ್ಲಿ ಊರಿಗೆ ಬಂದೆ. ಉಮ್ಮನ ಮಂಡಿ ನೋವು ಹೆಚ್ಚಾಗಿತ್ತು. ಆದರೂ ಜಗಲಿಯಲ್ಲಿ ಗೆರಸೆ ಇಟ್ಟುಕೊಂಡು ಸ್ವಲ್ಪ ಸ್ವಲ್ಪ ಕಟ್ಟುತ್ತಿದ್ದರು. ಒಂದು ಸಂಜೆ ಅವರ ಹತ್ತಿರ ಕೂತು, ಗೆಳತಿಯ ತಾಯಿಯ ಕತೆ ಹೇಳಿದೆ. ಆ ಮೇಲೆ ಟ್ಯಾಂಪಾದ ಕಾರ್ಖಾನೆ, ಎತ್ತರದ ಪೀಠ, ಓದುವವರು. ಉಮ್ಮ ಆಸಕ್ತಿಯಿಂದ ಕೇಳಿದರು. ಕೊನೆಗೆ ನನ್ನ ಮಾತನ್ನೂ ಹೇಳಿದೆ. ಬೀಡಿ ಕಟ್ಟುವ ಹೆಂಗಸರಿಗೆ ಹಾಗೆ ಓದಿ ಹೇಳುವವರು ಯಾರೂ ಇರಲಿಲ್ಲ ಎಂದು ನಾನು ಬರೆದಿದ್ದೇನೆ ಎಂದೆ.

ಉಮ್ಮ ಕತ್ತರಿ ಕೆಳಗಿಟ್ಟರು.

‘ಯಾರು ಹೇಳಿದ್ದು ಇರಲಿಲ್ಲ ಅಂತ? ನೀನೇ ಇದ್ದೆಯಲ್ಲ.’

ನನಗೆ ಅರ್ಥವಾಗಲಿಲ್ಲ. ಉಮ್ಮ ಹೇಳುತ್ತಾ ಹೋದರು. ಮಧ್ಯಾಹ್ನದ ನಮಾಝ್ ಮುಗಿಸಿ ಆಚೆಮನೆಯ ಇಬ್ಬರು ಮಾಮಿಯರು ತಮ್ಮ ಗೆರಸೆ ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದದ್ದು. ಕಂಬಕ್ಕೆ ಒರಗಿ ನಾನು ಶಾಲೆಯ ಪುಸ್ತಕದ ಪಾಠ, ಮಾಸ್ಟರರ ಮನೆಯಿಂದ ತಂದ ಹಳೆಯ ವಾರಪತ್ರಿಕೆ, ಸಾಮಾನು ಕಟ್ಟಿ ಬಂದ ಪೇಪರಿನ ತುಂಡು, ಸಿಕ್ಕಿದ್ದನ್ನೆಲ್ಲ ಓದುತ್ತಿದ್ದದ್ದು. ಕನ್ನಡದಲ್ಲಿ ಓದಿ, ನಿಲ್ಲಿಸಿ, ಬ್ಯಾರಿಯಲ್ಲಿ ಹೇಳುತ್ತಿದ್ದದ್ದು. ಧಾರಾವಾಹಿಯ ಒಂದು ಕಂತು ಸಿಗದೆ ಹೋದಾಗ ನಾನೇ ಕತೆ ಕಟ್ಟಿ ಸೇರಿಸಿದ್ದು ಅವರಿಗೆ ಗೊತ್ತಾಗಿತ್ತಂತೆ. ಬೀಡಿ ಕಟ್ಟುವವರು ಕೂಲಿ ಹೆಚ್ಚಿಸಲು ಮಂಗಳೂರಿನಲ್ಲಿ ಮೆರವಣಿಗೆ ಹೋದ ಸುದ್ದಿಯನ್ನು ಮೂರು ಸಲ ಓದಿಸಿದ್ದರಂತೆ.

‘ಉಳಿದ ಮನೆಗಳ ಮಕ್ಕಳು ಶಾಲೆಯಿಂದ ಬಂದು ಬೀಡಿಯ ತಲೆ ಮಡಚುತ್ತಿದ್ದರು. ನಿನ್ನನ್ನು ನಾವು ಕೂರಿಸಲಿಲ್ಲ. ನಿನ್ನ ಪಾಲಿನದ್ದನ್ನು ನಾವು ಮೂವರು ಹಂಚಿಕೊಂಡು ಕಟ್ಟುತ್ತಿದ್ದೆವು, ನೀನು ಓದುತ್ತಿದ್ದಿಯಲ್ಲ.’

ನಾನು ಇದನ್ನು ಮರೆತದ್ದು ಹೇಗೆ? ಯೋಚಿಸಿದರೆ ಕಾರಣ ಹೊಳೆಯುತ್ತದೆ. ಪುಸ್ತಕಕ್ಕೆ ಹೊಗೆಸೊಪ್ಪಿನ ವಾಸನೆ ಹಿಡಿಯುತ್ತದೆ, ತರಗತಿಯಲ್ಲಿ ಪಕ್ಕದವರು ಮೂಗು ಮುಚ್ಚುತ್ತಾರೆ ಎಂಬ ಅಳುಕು ಮಾತ್ರ ನನ್ನಲ್ಲಿ ಉಳಿದಿತ್ತು. ಆ ಅಳುಕಿನ ಜೊತೆಗೆ ಜಗಲಿಯೂ ಮರೆಗೆ ಹೋಗಿತ್ತು. ಸಾವಿರಾರು ಮೈಲಿ ದೂರದ ಕಾರ್ಖಾನೆಯ ಓದುಗರ ಬಗ್ಗೆ ಕೇಳಿ ಕಣ್ಣು ತುಂಬಿಕೊಂಡವಳಿಗೆ ತನ್ನ ಮನೆಯ ಕಂಬ ಕಾಣಲಿಲ್ಲ. ಆಧಾರಗ್ರಂಥಗಳಲ್ಲಿ ಅದು ಇರಲಿಲ್ಲ. ಇರುವುದಾದರೂ ಹೇಗೆ? ಅದನ್ನು ಬರೆಯಬೇಕಾಗಿದ್ದವಳು ನಾನೇ.

ಅಂಚಿನ ಸಮುದಾಯಗಳ ಮಕ್ಕಳು ವಿಶ್ವವಿದ್ಯಾಲಯಕ್ಕೆ ಬಂದು ತಮ್ಮ ಮನೆಯ ಬಗ್ಗೆ ಮಾತಾಡುವುದು ದೊಡ್ಡ ಸಂಗತಿ. ಅದಕ್ಕಾಗಿ ಹಿಂದಿನವರು ಬೀದಿಗಿಳಿದಿದ್ದಾರೆ. ವಿದ್ಯಾರ್ಥಿಗಳು ಪುಡಿಗಾಸು ಸೇರಿಸಿ ನಡೆಸುವ ಇಂಥ ಸಮ್ಮೇಳನಗಳು ಆ ಮಾತಿಗೆ ಮೊದಲ ವೇದಿಕೆ. ಆದರೆ ಅಲ್ಲೇ ಒಂದು ಅಪಾಯವೂ ಇದೆ. ಮನೆ ನಮಗೆ ವಿಷಯವಾಗಿಬಿಡುತ್ತದೆ. ಉಮ್ಮ ಮಾಹಿತಿಯಾಗುತ್ತಾರೆ. ನಮ್ಮವರನ್ನು ಹೊರಗಿನವರು ವಸ್ತುಗಳಂತೆ ನೋಡಿದರು ಎಂದು ದೂರುವ ನಾವೇ, ಪರಿಭಾಷೆ ಕಲಿತ ಮೇಲೆ ಅದೇ ಕುರ್ಚಿಯಲ್ಲಿ ಕೂತು ಅವರನ್ನು ನೋಡುತ್ತೇವೆ. ಮೇಲ್ವಿಚಾರಕನ ವರದಿಯಲ್ಲಿದ್ದ ಮೌನವನ್ನು ಗೆಳತಿ ನಂಬಿದಳು. ನಾನು ಪುಸ್ತಕದಲ್ಲಿದ್ದ ಒಂಟಿತನವನ್ನು ನಂಬಿದೆ. ಇಬ್ಬರ ಮನೆಯಲ್ಲೂ ‘ಹಾಗಲ್ಲ’ ಎಂದು ಹೇಳುವವರು ಇದ್ದರು. ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿದಾಗಲಷ್ಟೇ ಅವರು ತಿದ್ದಿದರು.

ಈಗಿನ ಸುದ್ದಿಗಳು ಅಷ್ಟು ಹಿತವಾಗಿಲ್ಲ. 2023ರಲ್ಲಿ ಟೆಕ್ಸಾಸ್ ರಾಜ್ಯ ಮಾಡಿದ ಕಾನೂನು 2024ರ ಜನವರಿಯಿಂದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ವೈವಿಧ್ಯವನ್ನು ಪೋಷಿಸುವ ಕಚೇರಿಗಳನ್ನು ಮುಚ್ಚಿಸಿತು. ವಿದ್ಯಾರ್ಥಿಗಳ ಸಣ್ಣ ಸಣ್ಣ ಕೂಟಗಳು ನಡೆಯುವುದು ಅಂಥ ಕಚೇರಿಗಳ, ವಿಭಾಗಗಳ ಉಳಿಕೆ ಹಣದಲ್ಲಿ. ಹೆಸರಿನ ಜಗಳವೂ ಮುಗಿದಿಲ್ಲ. ಲ್ಯಾಟಿನಾ, ಲ್ಯಾಟಿನೊ ಎಂಬೆರಡರ ಬದಲು ‘ಲ್ಯಾಟಿನೆಕ್ಸ್’ ಎಂಬ ಒಂದೇ ಪದ ಸಾಕು ಎಂದು ಹೊಸಬರು ಹೇಳಿದಾಗ, ‘ಇದು ನನ್ನ ಅಮ್ಮನ ನಾಲಗೆಗೆ ಹೊರಳುವುದಿಲ್ಲ’ ಎಂದವರೂ ಅದೇ ಗೋಷ್ಠಿಗಳಲ್ಲಿ ಇದ್ದರು. ಗೆಳತಿ ಈಗ ಪಾಠ ಮಾಡುತ್ತಾಳೆ. 2021ರಲ್ಲಿ ಸಾಂಕ್ರಾಮಿಕದಿಂದ ಸಮ್ಮೇಳನ ಕಂಪ್ಯೂಟರಿಗೆ ಬಂದಾಗ ಅವಳ ತಾಯಿ ಚಿಕಾಗೊದ ಅಡುಗೆಮನೆಯಿಂದಲೇ ಕೂತು ಎಲ್ಲ ಕೇಳಿದರಂತೆ, ನಡುವೆ ಎರಡು ಪ್ರಶ್ನೆ ಕೂಡ ಕೇಳಿದರಂತೆ.

ನಾನು ಊರಿಗೆ ಮರಳಿ ಇಲ್ಲಿಯ ಕಾಲೇಜೊಂದರಲ್ಲಿ ಕಲಿಸುತ್ತಿದ್ದೇನೆ. ಬ್ಯಾರಿ ಭಾಷೆಗೆ 2007ರಿಂದ ಸರಕಾರದ ಅಕಾಡೆಮಿ ಇದೆ. ಆ ಭಾಷೆಯಲ್ಲಿ ಕವಿತೆ, ಕತೆ ಬರುತ್ತಿವೆ. ಸಂಶೋಧನೆಯ ಮಾತನ್ನೂ ಅದರಲ್ಲಿ ಆಡಲು ನಾವು ಕಲಿಯಬೇಕಷ್ಟೆ. ವಿದ್ಯಾರ್ಥಿಗಳು ಸಂಕಿರಣಕ್ಕೆ ಪ್ರಬಂಧ ಬರೆದು ತಂದು ತೋರಿಸಿದಾಗ ನಾನು ಅಡಿಟಿಪ್ಪಣಿ ನೋಡುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಇದನ್ನು ಮನೆಯಲ್ಲಿ ಹೇಳಿದ್ದೀರಾ? ತುಳು, ಕೊಂಕಣಿ, ಬ್ಯಾರಿ, ಕೊರಗ, ಯಾವ ಭಾಷೆಯಾದರೂ ಸರಿ. ಹೆಚ್ಚಿನವರು ನಗುತ್ತಾರೆ. ಕಳೆದ ವರ್ಷ ಮೀನು ಮಾರುವ ತಾಯಿಯ ಮಗಳೊಬ್ಬಳು ಹೋಗಿ ಹೇಳಿ, ಮರುದಿನ ಬಂದಳು. ‘ಅಮ್ಮ ಎರಡನೆಯ ಪುಟ ಪೂರ್ತಿ ತಪ್ಪು ಅಂದರು ಮೇಡಂ’ ಎಂದಳು. ಅವಳ ಕೈಯಲ್ಲಿ ಹೊಸ ಹಾಳೆಗಳಿದ್ದವು.

ಉಮ್ಮ ಈಗ ಬೀಡಿ ಕಟ್ಟುವುದಿಲ್ಲ. ಕಣ್ಣು ಮಂಜಾಗಿದೆ. ಮಧ್ಯಾಹ್ನ ನಾನು ಮನೆಯಲ್ಲಿದ್ದರೆ ಪತ್ರಿಕೆ ಓದಿ ಹೇಳುತ್ತೇನೆ. ಈ ಲೇಖನವನ್ನೂ ಓದಿ ಹೇಳಿದೆ. ಆಚೆಮನೆಯಿಂದ ಬರುತ್ತಿದ್ದವರು ಇಬ್ಬರಲ್ಲ, ಮೂವರು ಎಂದು ತಿದ್ದಿದ್ದಾರೆ.